ಆ ಕಾರ್ಡ್‌ನಲ್ಲಿರುವ ಮನುಷ್ಯ ಯಾರು?

ಎಂಟು ವರ್ಷ ಇದ್ದ ಕೆಲಸ ಬಿಟ್ಟ ದಿನ ಜೊತೆಯವರೆಲ್ಲ ಸೇರಿ ಒಂದು ದೊಡ್ಡ ಕಾರ್ಡ್ ಕೊಟ್ಟರು. ಹದಿನಾಲ್ಕು ಜನ ಬರೆದಿದ್ದರು. ಅದರಲ್ಲಿ ಒಂಬತ್ತು ಜನ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು, ನಿಮ್ಮಷ್ಟು ತಾಳ್ಮೆ ನಮಗೆ ಈ ಜನ್ಮದಲ್ಲಿ ಬರಲ್ಲ ಸಾರ್ ಅಂತ. ಒಬ್ಬ ಹುಡುಗಿಯಂತೂ "ನಿಮಗೆ ಸಿಟ್ಟು ಬಂದಿದ್ದನ್ನು ನಾನು ಒಂದು ಸಲವೂ ನೋಡಿಲ್ಲ, ಹೇಗೆ ಸಾಧ್ಯ??" ಎಂದು ಎರಡು ಪ್ರಶ್ನೆ ಗುರುತು ಹಾಕಿದ್ದಳು.

ಮನೆಗೆ ತಂದು ಮೇಜಿನ ಮೇಲಿಟ್ಟೆ. ಅಕ್ಕ ಬಂದಿದ್ದಳು. ಎತ್ತಿಕೊಂಡು ಓದಿದಳು. ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವ ತನಕ. "ಅಮ್ಮಾ, ಇಲ್ಲಿ ಬಾ, ಇವನು ಬೇರೆ ಯಾರದ್ದೋ ಕಾರ್ಡ್ ಎತ್ತಿಕೊಂಡು ಬಂದಿದ್ದಾನೆ!" ಅಮ್ಮ ಕನ್ನಡಕ ಹಾಕಿಕೊಂಡು ಹದಿನಾಲ್ಕನ್ನೂ ನಿಧಾನವಾಗಿ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇವರೆಲ್ಲ ನಿನ್ನ ಜೊತೆಗೇ ಕೆಲಸ ಮಾಡ್ತಿದ್ರಾ?"

ವಿಷಯ ಏನಂದ್ರೆ, ಮನೆಯಲ್ಲಿ ನನಗಿರುವ ಹೆಸರೇ ಬೇರೆ. ಸಿಡುಕ. ಮೂಗಿನ ತುದಿಯಲ್ಲೇ ಕೋಪ. ಬಾಗಿಲು ಹಾಕಿದೆಯಾ ಅಂತ ಅಮ್ಮ ಎರಡನೇ ಸಲ ಕೇಳಿದರೆ ಸಾಕು, ಸಿಡಿದು ಬೀಳುತ್ತೇನೆ. ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗ ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದ್ದಾನೆ, ಎಂಟನೇ ಸಲವೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಹೇಳಿಕೊಟ್ಟವನೂ ನಾನೇ. ಅಕ್ಕನ ಪ್ರಕಾರ ಆಫೀಸಿನದ್ದು ಬರೀ ನಾಟಕ. ಇರಬಹುದು. ಆದರೆ ದಿನಕ್ಕೆ ಒಂಬತ್ತು ಗಂಟೆ, ಎಂಟು ವರ್ಷ, ಒಂದು ದಿನವೂ ಬಣ್ಣ ಕಳಚದಂತೆ ನಾಟಕ ಆಡೋಕಾಗುತ್ತಾ? ಹಾಗೆ ಆಡಬಲ್ಲವನಾಗಿದ್ದರೆ ನಾನು ಯಾಕೆ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದೆ.

ಮುಂದಿನ ಕೆಲಸ ಸೇರುವ ಮುಂಚೆ ಆರು ವಾರ ಬಿಡುವಿತ್ತು. ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಓದುತ್ತಾ ಹೋದೆ. ನಾನು ಮನಃಶಾಸ್ತ್ರ ಕಲಿತವನಲ್ಲ, ಸುಮ್ನೆ ಕುತೂಹಲ.

ಮೊದಲು ಪದದ ವಿಷಯ. "ವ್ಯಕ್ತಿತ್ವ" ಅನ್ನೋದನ್ನು ನಾವು ಮನೆಯಲ್ಲಿ ಯಾರಾದರೂ ಬಳಸುತ್ತೇವಾ? ಅದು ವ್ಯಕ್ತಿತ್ವ ವಿಕಸನ ಶಿಬಿರದ ಪೋಸ್ಟರಿನಲ್ಲೋ, ಸನ್ಮಾನದ ಭಾಷಣದಲ್ಲೋ ಬರುವ ಪದ. ಮನೆಯಲ್ಲಿ ನಾವು ಹೇಳೋದು ಗುಣ, ಸ್ವಭಾವ, ಬುದ್ಧಿ. "ಅವನ ಬುದ್ಧಿನೇ ಅಷ್ಟು ಬಿಡು" ಅಂದರೆ ಅಲ್ಲಿ ಬುದ್ಧಿವಂತಿಕೆಯ ಮಾತೇ ಇಲ್ಲ. ಇನ್ನು ಜನರನ್ನು ಬಣ್ಣಿಸುವ ಪದಗಳಿಗೆ ನಮ್ಮಲ್ಲಿ ಬರವಿಲ್ಲ: ಅಂಜುಬುರುಕ, ಅಳುಬುರುಕ, ಮುಂಗೋಪಿ, ಹಠಮಾರಿ, ಹರಟೆಮಲ್ಲ, ಚಾಡಿಕೋರ, ಜಿಪುಣ, ಗುಮ್ಮನಗುಸುಕ. ಈ ಕೊನೆಯದು ನನಗೆ ತುಂಬಾ ಇಷ್ಟ. ಆ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಪ್ಯಾರಾ ಬೇಕು.

ಮನುಷ್ಯರ ಸ್ವಭಾವ ಅಳೆಯುವ ಕೆಲಸಕ್ಕೆ ದೊಡ್ಡ ಅಡಿಪಾಯ ಹಾಕಿದ್ದು ಇಂಥ ಪದಗಳೇ. ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ಎಂಬ ಇಬ್ಬರು ಒಂದು ದಪ್ಪ ಇಂಗ್ಲಿಷ್ ನಿಘಂಟು ಹಿಡಿದು ಕೂತು, ಮನುಷ್ಯರನ್ನು ಬಣ್ಣಿಸುವ ಪದಗಳನ್ನೆಲ್ಲ ಒಂದೊಂದಾಗಿ ಹೆಕ್ಕಿದರು. 1936ರಲ್ಲಿ ಅವರ ಪಟ್ಟಿ ಹೊರಬಂದಾಗ ಅದರಲ್ಲಿ 17,953 ಪದಗಳಿದ್ದವು. ಜನರಿಗೆ ಜನರ ಬಗ್ಗೆ ಮಾತಾಡೋದಕ್ಕೆ ಎಷ್ಟು ಇಷ್ಟ ನೋಡಿ! ಆಮೇಲೆ ಬಂದವರು ಒಟ್ಟಿಗೆ ಓಡಾಡುವ ಪದಗಳನ್ನು ಒಂದೊಂದು ಗುಂಪಿಗೆ ಸೇರಿಸುತ್ತಾ ಹೋದರು. ಹರಟೆಮಲ್ಲ ಎನಿಸಿಕೊಂಡವನು ಸಾಮಾನ್ಯವಾಗಿ ಗೆಳೆಯರ ದಂಡು ಕಟ್ಟಿಕೊಂಡೂ ಇರುತ್ತಾನೆ, ಅಂಥ ಪದಗಳೆಲ್ಲ ಒಂದು ಕಡೆ. ದಶಕಗಟ್ಟಲೆ ಹೀಗೆ ಸೋಸಿದ ಮೇಲೆ ಐದು ದೊಡ್ಡ ಗುಂಪು ಉಳಿದವು. ಹೊಸದರ ಬಗ್ಗೆ ಕುತೂಹಲ, ಅಚ್ಚುಕಟ್ಟು, ಜನರ ಜೊತೆ ಬೆರೆಯುವುದು, ಇನ್ನೊಬ್ಬರಿಗೆ ಹೊಂದಿಕೊಂಡು ಹೋಗುವುದು, ಮತ್ತು ಬೇಗ ಕಳವಳಕ್ಕೆ ಬೀಳುವುದು. ಈಗ ಸಂಶೋಧನೆ ಮಾಡುವವರು ಜಾಸ್ತಿ ಬಳಸುವುದು ಈ ಐದನ್ನೇ. ಬೊಲಿವಿಯಾದ ಕಾಡಿನ ತ್ಸಿಮಾನೆ ಜನರಲ್ಲಿ ಹುಡುಕಿದಾಗ ಈ ಐದರ ಲೆಕ್ಕ ಕೂಡಿಬರಲಿಲ್ಲ, ಹಾಗಾಗಿ ಇದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಈ ಐದೂ ಅಳತೆಪಟ್ಟಿಗಳು. ಎತ್ತರ ಇದ್ದ ಹಾಗೆ. ಲೋಕದಲ್ಲಿ ಎತ್ತರದವರು, ಕುಳ್ಳರು ಅಂತ ಎರಡೇ ಜಾತಿ ಇಲ್ಲವಲ್ಲ, ಮುಕ್ಕಾಲು ಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಆದರೆ ಆಫೀಸುಗಳಲ್ಲಿ ಒಂದು ದಿನ ತರಬೇತಿ ಅಂತ ಕೂರಿಸಿ ಮಾಡಿಸುತ್ತಾರಲ್ಲ, ಫಲಿತಾಂಶವಾಗಿ ನಾಲ್ಕು ಇಂಗ್ಲಿಷ್ ಅಕ್ಷರ ಕೊಡುವ MBTI ಎಂಬ ಪರೀಕ್ಷೆ, ನೀವು ಇಂಥ ಬಗೆಯ ಮನುಷ್ಯ ಅಂತ ಚೀಟಿ ಅಂಟಿಸಿ ಕಳಿಸುವಂಥದ್ದು, ಅದು ಸರಿಯಾಗಿ ಈ ನಡುವಿನಲ್ಲೇ ಗೆರೆ ಎಳೆಯುತ್ತದೆ. ಕೂದಲೆಳೆ ಈಚೆ ಇದ್ದರೆ ಅಂತರ್ಮುಖಿ, ಆಚೆ ಇದ್ದರೆ ಬಹಿರ್ಮುಖಿ. ನನಗೆ ಮೊದಲ ಸಲ ಬಂದ ಅಕ್ಷರಗಳು ಬೇರೆ, ಎಂಟು ತಿಂಗಳ ನಂತರ ಬಂದವು ಬೇರೆ. ನಡುವೆ ನಾನು ಬದಲಾಗಿರಲಿಲ್ಲ, ಮೊದಲ ಸಲ ಮಾಡುವಾಗ ನಿದ್ದೆಗೆಟ್ಟಿದ್ದೆ ಅಷ್ಟೆ. ತಮಾಷೆ ಏನು ಗೊತ್ತಾ, ಎರಡೂ ವರದಿ ಓದಿದಾಗಲೂ "ಅರೆ, ಇದು ನಾನೇ" ಅನಿಸಿತ್ತು.

ಯಾಕೆ ಹಾಗನಿಸುತ್ತದೆ ಎಂಬುದಕ್ಕೆ ಬರ್ಟ್ರಾಮ್ ಫೋರರ್ ಎಂಬ ಮೇಷ್ಟ್ರು 1948ರಲ್ಲೇ ಉತ್ತರ ಕೊಟ್ಟಿದ್ದರು. ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಂದು ವಾರದ ನಂತರ ಪ್ರತಿಯೊಬ್ಬರಿಗೂ "ನಿಮ್ಮ ವ್ಯಕ್ತಿತ್ವದ ವರದಿ" ಎಂದು ಒಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿದರು: ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ. ಅದರ ವಾಕ್ಯಗಳನ್ನು ಬಹುಪಾಲು ಎತ್ತಿದ್ದು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ಹೊರಗೆ ಶಿಸ್ತಿನವರಾಗಿ ಕಂಡರೂ ಒಳಗೆ ಅಳುಕು ಇರುತ್ತದೆ, ಈ ತರಹದ ಮಾತುಗಳು. ಯಾರಿಗೆ ಇರಲ್ಲ ಹೇಳಿ?

ಸರಿ, ಚೀಟಿ ಅಂಟಿಸುವ ಆಟ ಬಿಡೋಣ. ನನ್ನ ಪ್ರಶ್ನೆ ಬೇರೆಯೇ ಇತ್ತು. ಒಬ್ಬನೇ ಮನುಷ್ಯ ಎರಡು ಕಡೆ ಎರಡು ಥರ ಇದ್ದರೆ ಅವನ ಸ್ವಭಾವ ಯಾವುದು?

ಇದೇ ಪ್ರಶ್ನೆ ಇಟ್ಟುಕೊಂಡು ಈ ಕ್ಷೇತ್ರದವರು ದಶಕಗಟ್ಟಲೆ ಜಗಳವಾಡಿದ್ದಾರೆ ಅಂತ ಗೊತ್ತಾದಾಗ ಸ್ವಲ್ಪ ಸಮಾಧಾನವಾಯಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬುವರು ಸಾವಿರಾರು ಶಾಲಾ ಮಕ್ಕಳಿಗೆ ಮೋಸ ಮಾಡಲು ಅವಕಾಶ ಕೊಟ್ಟು ನೋಡಿದರು. ಪರೀಕ್ಷೆಯಲ್ಲಿ ಉತ್ತರ ತಿದ್ದುವ ಅವಕಾಶ, ಆಟದಲ್ಲಿ ಅಂಕ ಹೆಚ್ಚಿಸಿಕೊಳ್ಳುವ ಅವಕಾಶ, ದುಡ್ಡು ಎತ್ತಿಕೊಳ್ಳುವ ಅವಕಾಶ. ಒಂದು ಗುಂಪು ಪ್ರಾಮಾಣಿಕರು, ಇನ್ನೊಂದು ಗುಂಪು ಕಳ್ಳರು ಎಂದು ಮಕ್ಕಳು ಎರಡು ಭಾಗ ಆಗುತ್ತಾರೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಪರೀಕ್ಷೆಯಲ್ಲಿ ತಿದ್ದಿದ ಮಗು ಆಟದಲ್ಲಿ ನೆಟ್ಟಗಿತ್ತು, ಆಟದಲ್ಲಿ ಮೋಸ ಮಾಡಿದ್ದು ದುಡ್ಡು ಮುಟ್ಟಲಿಲ್ಲ.

1973ರದ್ದು ಇನ್ನೂ ಚುರುಕು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಿ ಎಂದು ಒಬ್ಬೊಬ್ಬರನ್ನೇ ಕಳಿಸಿದರು. ಅರ್ಧ ಜನರಿಗೆ ಭಾಷಣದ ವಿಷಯವೇ ಬೈಬಲ್‌ನ ಆ ಪ್ರಸಿದ್ಧ ಕಥೆ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡು ನಿಂತು ಸಹಾಯ ಮಾಡಿದವನ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಸಂಶೋಧಕರೇ ಅವನನ್ನು ಕೂರಿಸಿದ್ದರು. ಸಮಯ ಬೇಕಾದಷ್ಟಿದೆ ಎಂದು ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಮಂದಿ ನಿಂತರು. ಆಗಲೇ ತಡವಾಗಿದೆ, ಬೇಗ ಹೋಗಿ ಅಂದಿದ್ದವರಲ್ಲಿ ನಿಂತದ್ದು ಬರೀ 10. ಸಹಾಯದ ಕಥೆ ಹೇಳಲು ಓಡುತ್ತಿದ್ದವರೂ ನರಳುತ್ತಿದ್ದವನನ್ನು ದಾಟಿಕೊಂಡು ಹೋದರು. ಅವರೇನು ಕೆಟ್ಟವರಲ್ಲ. ತಡವಾಗಿತ್ತು, ಅಷ್ಟೇ.

ಇದಕ್ಕೂ ಮುಂಚೆ, 1968ರಲ್ಲೇ, ವಾಲ್ಟರ್ ಮಿಶೆಲ್ ಎಂಬ ಮನಃಶಾಸ್ತ್ರಜ್ಞ ಆ ಶಾಲಾ ಮಕ್ಕಳ ಪ್ರಯೋಗದಂಥ ಪುರಾವೆಗಳನ್ನೆಲ್ಲ ಒಟ್ಟುಹಾಕಿ, ಸ್ವಭಾವ ಅಳೆಯುವ ಪರೀಕ್ಷೆಗಳಿಂದ ಒಬ್ಬ ಮನುಷ್ಯ ಒಂದು ಸಂದರ್ಭದಲ್ಲಿ ಏನು ಮಾಡುತ್ತಾನೆಂದು ಹೇಳುವುದು ತೀರಾ ಕಷ್ಟ ಎಂದರು. ಅಲ್ಲಿಗೆ ಜಗಳ ಶುರು. ಸ್ವಭಾವ ಅನ್ನೋದೇ ಸುಳ್ಳು, ಎಲ್ಲ ಸಂದರ್ಭದ ಆಟ ಎಂದು ಒಂದು ಕಡೆಯವರು. ಹಾಗಾದರೆ ನಮ್ಮ ಮನೆಯ ಹಠಮಾರಿ ಮೂವತ್ತು ವರ್ಷದಿಂದ ಹಠಮಾರಿಯಾಗೇ ಇರೋದು ಹೇಗೆ ಎಂದು ಇನ್ನೊಂದು ಕಡೆಯವರು.

ನನಗೆ ಒಪ್ಪಿಗೆಯಾದ ಉತ್ತರ ಸಿಕ್ಕಿದ್ದು ವಿಲಿಯಂ ಫ್ಲೀಸನ್ ಎಂಬುವರ 2001ರ ಕೆಲಸದಲ್ಲಿ. ಅವರು ಜನರಿಗೆ ಎರಡು ಮೂರು ವಾರಗಳ ಕಾಲ ದಿನಕ್ಕೆ ಹಲವು ಸಲ "ಈಗ, ಈ ಹೊತ್ತಿನಲ್ಲಿ ನೀವು ಹೇಗಿದ್ದೀರಿ" ಎಂದು ಬರೆದುಕೊಳ್ಳಲು ಹೇಳಿದರು. ಒಬ್ಬೊಬ್ಬರೂ ಗಂಟೆಗಂಟೆಗೆ ಬದಲಾಗುತ್ತಿದ್ದರು. ಬೆಳಿಗ್ಗೆ ವಾಚಾಳಿ, ಮಧ್ಯಾಹ್ನ ಮೌನಿ. ಒಬ್ಬನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸಕ್ಕಿಂತ ಒಬ್ಬನೊಳಗಿನ ಏರಿಳಿತ ಕಡಿಮೆಯೇನೂ ಇರಲಿಲ್ಲ. ಆದರೆ ಒಂದು ವಾರದ ಸರಾಸರಿ ತೆಗೆದು ಮುಂದಿನ ವಾರದ್ದರ ಪಕ್ಕ ಇಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ. ಕೈಬರಹ ಇದ್ದ ಹಾಗೆ ಅಂದುಕೊಂಡೆ ನಾನು. ಅವಸರದಲ್ಲಿ ಗೀಚಿದ ಚೀಟಿ ಬೇರೆ, ಅರ್ಜಿ ತುಂಬುವಾಗಿನ ಅಕ್ಷರ ಬೇರೆ, ಓಡುವ ಬಸ್ಸಿನಲ್ಲಿ ಬರೆದದ್ದಂತೂ ನನಗೇ ಓದೋಕಾಗಲ್ಲ. ಆದರೂ ಮೂರನ್ನೂ ಮುಂದಿಟ್ಟರೆ ಅಕ್ಕ ಕಣ್ಣು ಮಿಟುಕಿಸದೆ ಇದು ಇವನದ್ದೇ ಅನ್ನುತ್ತಾಳೆ.

ಇನ್ನೊಂದು ಸಂಗತಿ ನೇರವಾಗಿ ನನಗೇ ಬಂದು ತಾಗಿತು. ಮಿಶೆಲ್ ಮತ್ತು ಶೋಡಾ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಆರು ವಾರ ಗಮನಿಸಿದರು, 1994ರಲ್ಲಿ ಅದನ್ನು ಪ್ರಕಟಿಸಿದರು. ಒಟ್ಟು ಲೆಕ್ಕದಲ್ಲಿ ಒಂದೇ ಅಷ್ಟು ಸಿಟ್ಟು ಮಾಡುವ ಇಬ್ಬರು ಮಕ್ಕಳು ಅಂದುಕೊಳ್ಳಿ. ಒಬ್ಬನಿಗೆ ದೊಡ್ಡವರು ಗದರಿದಾಗ ಸಿಟ್ಟು, ಓರಗೆಯವರು ಕಿಚಾಯಿಸಿದರೆ ಏನೂ ಅನ್ನಿಸಲ್ಲ. ಇನ್ನೊಬ್ಬ ಪೂರಾ ಉಲ್ಟಾ. ಮತ್ತೆ ಈ ವಿನ್ಯಾಸ ವಾರದಿಂದ ವಾರಕ್ಕೆ ಹಾಗೇ ಇರುತ್ತಿತ್ತು. ಅಂದರೆ "ಯಾವಾಗ, ಯಾರ ಮುಂದೆ" ಅನ್ನೋದೂ ಸ್ವಭಾವದ ಒಂದು ಭಾಗ. ಆಫೀಸಿನ ಹದಿನಾಲ್ಕು ಜನ ಸುಳ್ಳು ಬರೆದಿಲ್ಲ, ಅಕ್ಕನೂ ಸುಳ್ಳು ಹೇಳುತ್ತಿಲ್ಲ. ಇವರು ಯಾರೂ ನನ್ನನ್ನು ಇನ್ನೊಂದು ಜಾಗದಲ್ಲಿ ನೋಡಿಲ್ಲ.

ಇದಿಷ್ಟು ಅರ್ಥವಾದ ಮೇಲೆ ಮುಂದಿನದು ಕೇಳದೆ ಇರೋಕಾಗುತ್ತಾ? ಈ ವಿನ್ಯಾಸ ಬಂದದ್ದು ಎಲ್ಲಿಂದ?

ಅಮ್ಮನ ಹತ್ತಿರ ಉತ್ತರ ಸಿದ್ಧವಿದೆ. ಹುಟ್ಟುಗುಣ ಸುಟ್ಟರೂ ಹೋಗದು. ನಾನು ತೊಟ್ಟಿಲಲ್ಲೇ ಕೈಕಾಲು ಬಡಿದು ರಂಪ ಮಾಡುತ್ತಿದ್ದೆನಂತೆ, ಅಕ್ಕ ಎಲ್ಲಿ ಮಲಗಿಸಿದರೆ ಅಲ್ಲಿ ಇರುತ್ತಿದ್ದಳಂತೆ. ಆದರೆ ಇದೇ ಅಮ್ಮ ನಾನು ಹೈಸ್ಕೂಲಿನಲ್ಲಿ ಎದುರುತ್ತರ ಕೊಟ್ಟಾಗ ಹೇಳಿದ್ದು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ", ಅಂದರೆ ತಾವು ಸರಿಯಾಗಿ ಬೆಳೆಸಲಿಲ್ಲ ಅಂತ. ಕಾಲೇಜಿನಲ್ಲಿ ತಡವಾಗಿ ಮನೆಗೆ ಬರಲು ಶುರು ಮಾಡಿದಾಗ "ಸಹವಾಸದಿಂದ ಸನ್ಯಾಸಿ ಕೆಟ್ಟ". ಮೂರು ಗಾದೆ, ಮೂರು ಸಿದ್ಧಾಂತ, ಒಂದಕ್ಕೊಂದು ಪೂರ್ತಿ ವಿರುದ್ಧ, ಆಯಾ ದಿನದ ಸಿಟ್ಟಿಗೆ ಯಾವುದು ಸರಿಹೊಂದುತ್ತದೋ ಅದು ಹೊರಗೆ. ಗಾದೆಗಳ ಸುಖವೇ ಅದು.

ಹುಟ್ಟುಗುಣದ ವಿಷಯದಲ್ಲಿ ಅಮ್ಮ ಪೂರ್ತಿ ತಪ್ಪಲ್ಲ. ಜೆರೋಮ್ ಕೇಗನ್ ಎಂಬುವರು ನಾಲ್ಕು ತಿಂಗಳ ಕೂಸುಗಳ ಮುಂದೆ ಬಣ್ಣದ ಗೊಂಬೆ ತೂಗಿಸಿ, ಹೊಸ ವಾಸನೆ, ಹೊಸ ದನಿ ಕೊಟ್ಟು ನೋಡಿದರು. ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು, ಬೆನ್ನು ಸೆಟೆಸಿ ಅತ್ತಿತು. ಸುಮಾರು ಐದರಲ್ಲಿ ಎರಡು ಆರಾಮಾಗಿ ನೋಡುತ್ತಾ ಮಲಗಿದ್ದವು. ವರ್ಷಗಳ ನಂತರ ನೋಡಿದಾಗ, ಅತ್ತವರಲ್ಲಿ ಹೊಸಬರನ್ನು ಕಂಡರೆ ಹಿಂಜರಿಯುವವರು ಜಾಸ್ತಿ. ಆದರೆ ಎಲ್ಲರೂ ಅಲ್ಲ, ತುಂಬಾ ಜನ ನಡುವಿಗೆ ಬಂದಿದ್ದರು.

ಅವಳಿಗಳ ಅಧ್ಯಯನಗಳಂತೂ ಲೆಕ್ಕವಿಲ್ಲದಷ್ಟು. 2015ರಲ್ಲಿ ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ, ಅಂದರೆ 1 ಕೋಟಿ 45 ಲಕ್ಷ ಅವಳಿ ಜೋಡಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ದೇಹ, ಮನಸ್ಸು ಎಲ್ಲ ಸೇರಿ ಸರಾಸರಿ ಶೇಕಡಾ 49ರಷ್ಟು ವ್ಯತ್ಯಾಸಕ್ಕೆ ಅನುವಂಶೀಯತೆ ಕಾರಣ. ಸ್ವಭಾವ ಒಂದನ್ನೇ ತೆಗೆದುಕೊಂಡರೆ ಶೇಕಡಾ 40ರ ಆಸುಪಾಸು. ಇದನ್ನು ಕೇಳಿದ ಕೂಡಲೇ "ನನ್ನ ಸಿಟ್ಟಿನಲ್ಲಿ ನಲವತ್ತು ಭಾಗ ಅಪ್ಪನದ್ದು" ಅಂತ ಲೆಕ್ಕ ಹಾಕಬೇಡಿ, ನಾನೂ ಮೊದಲು ಹಾಗೇ ಹಾಕಿದ್ದೆ. ಒಂದು ಹಾಡಿನಲ್ಲಿ ದನಿಯ ಪಾಲೆಷ್ಟು, ರಾಗದ ಪಾಲೆಷ್ಟು ಎಂದು ಕೇಳಿದರೆ ಅರ್ಥವೇ ಇಲ್ಲ, ಎರಡೂ ಇಲ್ಲದೆ ಹಾಡೇ ಇಲ್ಲ. ಆದರೆ ನೂರು ಜನ ಹಾಡಿದ ಸ್ಪರ್ಧೆಯಲ್ಲಿ ಅಂಕಗಳು ಹೆಚ್ಚುಕಡಿಮೆ ಆಗಿದ್ದರಲ್ಲಿ ಎಷ್ಟು ದನಿಯಿಂದ, ಎಷ್ಟು ಆರಿಸಿಕೊಂಡ ಹಾಡಿನಿಂದ ಎಂದು ಕೇಳಬಹುದು. ಆ ನಲವತ್ತು ಈ ಎರಡನೇ ಥರದ್ದು, ಜನರ ನಡುವಿನ ವ್ಯತ್ಯಾಸದ ಲೆಕ್ಕ.

ಅವಳಿಗಳೆಂದರೆ ಎಲ್ಲರೂ ಹೇಳುವ ಕಥೆ ಅಮೆರಿಕದ ಆ ಇಬ್ಬರು ಜಿಮ್‌ಗಳದ್ದು. ನಾಲ್ಕು ವಾರದ ಕೂಸುಗಳಾಗಿದ್ದಾಗ ಬೇರೆಬೇರೆ ಮನೆಗೆ ದತ್ತು ಹೋದವರು 1979ರಲ್ಲಿ, 39ನೇ ವಯಸ್ಸಿನಲ್ಲಿ ಭೇಟಿಯಾದರು. ಇಬ್ಬರಿಗೂ ಮೊದಲ ಹೆಂಡತಿ ಲಿಂಡಾ, ಎರಡನೆಯವಳು ಬೆಟ್ಟಿ, ಇಬ್ಬರೂ ಚಿಕ್ಕವರಿದ್ದಾಗ ಸಾಕಿದ ನಾಯಿಯ ಹೆಸರು ಟಾಯ್. ಮೈ ಜುಮ್ಮೆನ್ನುತ್ತದೆ ನಿಜ. ಆದರೆ ನಾಯಿಗೆ ಟಾಯ್ ಎಂದು ಹೆಸರಿಡಿಸುವ ಜೀನ್ ಇರೋಕೆ ಸಾಧ್ಯವೇ ಇಲ್ಲ. ಯಾವ ಇಬ್ಬರು ಒಂದೇ ವಯಸ್ಸಿನವರನ್ನು ಕೂರಿಸಿ ನೂರಾರು ಪ್ರಶ್ನೆ ಕೇಳಿದರೂ ಕೆಲವು ಕಾಕತಾಳೀಯಗಳು ಸಿಗುತ್ತವೆ, ಹೊಂದದೆ ಇದ್ದದ್ದನ್ನು ಯಾರೂ ಬರೆಯಲ್ಲ. ನನಗೆ ಈ ಕಥೆಗಿಂತ ಅದರ ಹಿಂದಿನ ನೀರಸ ಅಂಕಿಗಳೇ ಜಾಸ್ತಿ ನಂಬಿಕೆ ಹುಟ್ಟಿಸುತ್ತವೆ.

ಆದರೆ ನಿಜವಾಗಿ ತಲೆ ಕೆಡಿಸಿದ್ದು ಇದಲ್ಲ, ಅನುವಂಶೀಯತೆ ಬಿಟ್ಟು ಉಳಿದ ಪಾಲು. ಉಳಿದದ್ದೆಲ್ಲ ಮನೆ, ತಂದೆತಾಯಿ, ಬೆಳೆಸಿದ ರೀತಿ ಎಂದೇ ನಾನು ನಂಬಿದ್ದೆ. ಒಂದೇ ಮನೆಯಲ್ಲಿ ಬೆಳೆದ ದತ್ತು ಮಕ್ಕಳನ್ನು ದೊಡ್ಡವರಾದ ಮೇಲೆ ನೋಡಿದರೆ, ಸ್ವಭಾವದಲ್ಲಿ ಅವರು ಒಬ್ಬರಿಗೊಬ್ಬರು ಹೋಲುವುದು ದಾರಿಹೋಕರಿಗಿಂತ ಜಾಸ್ತಿಯೇನಲ್ಲ. "ಒಂದೇ ಮನೆಯ ಮಕ್ಕಳು ಯಾಕಿಷ್ಟು ಬೇರೆ" ಎಂಬ ಅರ್ಥದ ಪ್ರಶ್ನೆಯನ್ನೇ ತಲೆಬರಹ ಮಾಡಿ 1987ರಲ್ಲಿ ಪ್ಲೋಮಿನ್ ಮತ್ತು ಡೇನಿಯಲ್ಸ್ ಒಂದು ಲೇಖನ ಬರೆದರು. ಮನೆ ಮುಖ್ಯವಲ್ಲ ಅಂತಲ್ಲ. ಹೊಡೆತ, ತಿರಸ್ಕಾರ, ಅನಾಥಾಲಯದ ಒಂಟಿತನ ಮಕ್ಕಳನ್ನು ಆಳವಾಗಿ ಗಾಯ ಮಾಡುತ್ತವೆ, ರೊಮೇನಿಯಾದ ಅನಾಥಾಲಯಗಳಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇದ್ದ ಮಕ್ಕಳಲ್ಲಿ ಎಷ್ಟೋ ಜನ ದೊಡ್ಡವರಾದ ಮೇಲೂ ಅದರ ಭಾರ ಹೊತ್ತಿದ್ದರು. ವಿಷಯ ಇಷ್ಟೇ, ಸಾಮಾನ್ಯ ಮನೆಗಳಲ್ಲಿ, ಮನೆ ಒಂದೇ ಎಂಬ ಕಾರಣಕ್ಕೆ ಮಕ್ಕಳು ಒಂದೇ ಥರ ಆಗುವುದಿಲ್ಲ.

ಯಾಕಂದ್ರೆ ಒಂದೇ ಮನೆ ಎಂಬುದೇ ನಿಜವಲ್ಲ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ಚಿಕ್ಕವಳಿದ್ದಾಗ ಅಪ್ಪ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು, ಸಂಜೆಯೆಲ್ಲ ಮನೆಯಲ್ಲಿ ಗಲಾಟೆ, ರೇಡಿಯೋ, ಅಪ್ಪನ ಬೆನ್ನ ಮೇಲೆ ಸವಾರಿ. ನನಗೆ ಮೂರು ವರ್ಷ ಆದಾಗ ಅವರಿಗೆ ನೈಟ್ ಶಿಫ್ಟ್ ಬಿತ್ತು, ಏಳು ವರ್ಷ ಅದೇ. ಹಗಲೆಲ್ಲ ಅಪ್ಪ ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ಕಿಟಕಿಗೆ ಕಪ್ಪು ಬಟ್ಟೆ. ನಾನು ಆಟದ ಕಾರನ್ನು ನೆಲದ ಮೇಲೆ ಓಡಿಸುವ ಹಾಗಿಲ್ಲ, ಚಾಪೆಯ ಮೇಲೆ ಓಡಿಸಬೇಕು. ಚಾಪೆಯ ಮೇಲೆ ಚಕ್ರ ಉರುಳುವುದಿಲ್ಲ, ಕೈಯಲ್ಲೇ ತಳ್ಳಬೇಕು. ಈಗಲೂ ಯಾರಾದರೂ ಬಾಗಿಲು ಧಡಾರನೆ ಹಾಕಿದರೆ ನನ್ನ ಭುಜ ತಾನಾಗಿ ಮೇಲೇರುತ್ತದೆ, ಅಕ್ಕನಿಗೆ ಆ ಸದ್ದು ಕೇಳಿಸುವುದೂ ಇಲ್ಲ.

ಇದೇ ನನ್ನ ಸಿಡುಕಿನ ಮೂಲ ಎಂದು ಬರೆದುಬಿಡಲು ಕೈ ತುರಿಸುತ್ತಿದೆ. ಕಥೆ ಅಷ್ಟು ಚೆನ್ನಾಗಿ ಕೂಡಿಬರುತ್ತದೆ. ಆದರೆ ಕೂಡಿಬರುತ್ತದೆ ಅನ್ನೋದೇ ಅನುಮಾನಕ್ಕೆ ಕಾರಣ. ನನ್ನ ಬದುಕು ಒಂದೇ ಒಂದು, ಇನ್ನೊಬ್ಬ ನನ್ನನ್ನು ಸದ್ದಿನ ಮನೆಯಲ್ಲಿ ಬೆಳೆಸಿ ನೋಡೋಕಾಗಲ್ಲ.

ಇಲಿಗಳ ವಿಷಯದಲ್ಲಿ ಅದನ್ನು ಮಾಡಬಹುದು. ಜರ್ಮನಿಯಲ್ಲಿ ಸಂಶೋಧಕರು ಜೀನ್‌ನಲ್ಲಿ ಒಂದೇ ಅಚ್ಚಿನ 40 ಇಲಿಗಳನ್ನು ಒಂದೇ ದೊಡ್ಡ, ಹಲವು ಅಂತಸ್ತಿನ ಪಂಜರಕ್ಕೆ ಬಿಟ್ಟರು. ಕೊಳವೆ, ಏಣಿ, ಆಟಿಕೆ ಎಲ್ಲ ಇತ್ತು. ಪ್ರತಿ ಇಲಿಗೂ ಒಂದು ಪುಟ್ಟ ಚಿಪ್ ಹಾಕಿ ಅದು ಎಲ್ಲೆಲ್ಲಿ ಓಡಾಡಿತು ಎಂದು ಮೂರು ತಿಂಗಳು ದಾಖಲಿಸಿದರು. ಒಂದೇ ಜೀನ್, ಒಂದೇ ಮನೆ. ಶುರುವಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇತ್ತು, ದಿನ ಹೋದಂತೆ ಅದು ಹಿಗ್ಗುತ್ತಾ ಹೋಯಿತು. ಕೆಲವು ಇಲಿಗಳು ಪಂಜರ ಪೂರ್ತಿ ಸುತ್ತುವ ಅಲೆಮಾರಿಗಳಾದವು, ಕೆಲವು ತಮ್ಮ ಮೂಲೆ ಬಿಡಲಿಲ್ಲ. ಸುತ್ತಿದ ಇಲಿಗಳ ಮಿದುಳಿನಲ್ಲಿ ಹೊಸ ನರಕೋಶಗಳೂ ಜಾಸ್ತಿ ಹುಟ್ಟಿದ್ದವು. 2013ರಲ್ಲಿ ಬಂದ ಈ ವರದಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೊದಲ ದಿನ ಒಂದು ಇಲಿ ಯಾಕೋ ಎಡಕ್ಕೆ ತಿರುಗಿತು, ಅಲ್ಲೊಂದು ಕೊಳವೆ ಸಿಕ್ಕಿತು. ಮರುದಿನ ಅದಕ್ಕೆ ಆ ಕಡೆ ಹೋಗಲು ಒಂದು ಚೂರು ಧೈರ್ಯ ಜಾಸ್ತಿ. ಹೀಗೇ ಇರಬೇಕು ನಮ್ಮದೂ ಅನಿಸಿತು. ಯಾವುದೋ ಒಂದು ದಿನ ತರಗತಿಯಲ್ಲಿ ಎದ್ದು ನಿಂತು ಹೇಳಿದ ಮಾತಿಗೆ ಎಲ್ಲರೂ ನಕ್ಕರು. ಅದು ಗೇಲಿಯ ನಗು ಅಂತ ಒಬ್ಬ ಕೂತುಬಿಟ್ಟ, ಖುಷಿಯ ನಗು ಅಂತ ಇನ್ನೊಬ್ಬ ಮತ್ತೆ ಎದ್ದ.

ಹಿರಿಯ ಮಗು ಜವಾಬ್ದಾರಿಯದ್ದು, ಕಿರಿಯದ್ದು ತುಂಟ ಅನ್ನುವ ಮಾತಂತೂ ಬಿಟ್ಟುಬಿಡಿ. 2015ರಲ್ಲಿ ಮೂರು ದೇಶಗಳ 20,000ಕ್ಕೂ ಹೆಚ್ಚು ಜನರನ್ನು ನೋಡಿದಾಗ ಹುಟ್ಟಿದ ಕ್ರಮಕ್ಕೂ ಸ್ವಭಾವಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಅಕ್ಕನಿಗೆ ಇದನ್ನು ಹೇಳಿದೆ, ಅವಳು ಒಪ್ಪಲಿಲ್ಲ. ಒಪ್ಪದಿರುವುದು ಹಿರಿಯರ ಸ್ವಭಾವ ಅಂದಳು.

ಮಗುವಿನ ಸ್ವಭಾವ ಒಂದೇ ಅಲ್ಲ, ಅದು ಸುತ್ತಲಿನವರಿಗೆ ಹೊಂದುತ್ತದೋ ಇಲ್ಲವೋ ಅನ್ನೋದು ದೊಡ್ಡದು ಎಂದವರು ಥಾಮಸ್ ಮತ್ತು ಚೆಸ್, ಗಂಡ ಹೆಂಡತಿ ಇಬ್ಬರೂ ವೈದ್ಯರು. 1956ರಿಂದ ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ದೊಡ್ಡವರಾಗುವ ತನಕ ಗಮನಿಸಿದರು. ಅವರು ಗುರುತಿಸಿದ್ದರಲ್ಲಿ ಒಂದು ಬಗೆ "ನಿಧಾನಕ್ಕೆ ಬೆಚ್ಚಗಾಗುವ" ಮಕ್ಕಳು. ಹೊಸ ಜಾಗಕ್ಕೆ ಹೋದರೆ ಅರ್ಧ ಗಂಟೆ ಕಾಲಿಗೆ ಅಂಟಿಕೊಂಡಿದ್ದು ಆಮೇಲೆ ಬಿಟ್ಟುಕೊಳ್ಳುವವು. ಆ ಅರ್ಧ ಗಂಟೆ ಕೊಡುವ ಮನೆಯಲ್ಲಿ ಅದು ಶಾಂತ ಮಗು. "ಹೋಗು, ಮಾತಾಡು, ಏನು ನಾಚಿಕೆ" ಎಂದು ತಳ್ಳುವ ಮನೆಯಲ್ಲಿ ಅದೇ ಮಗು ಅಂಜುಬುರುಕ. ನಮ್ಮ ನೆಂಟರಲ್ಲಿ ಅಂಥ ಒಬ್ಬ ಹುಡುಗ ಇದ್ದಾನೆ. ಅವನ ಮುಂದೆಯೇ "ಇವನು ಯಾರ ಹತ್ತಿರವೂ ಮಾತಾಡಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಪಾಪ, ಹೇಳಿದ್ದಕ್ಕೆ ಸರಿಯಾಗಿ ಅವನು ಮಾತಾಡಲ್ಲ.

ಹಾಗಾದರೆ ಒಂದು ವಯಸ್ಸಿಗೆ ಎಲ್ಲ ಗಟ್ಟಿಯಾಗಿಬಿಡುತ್ತಾ? ಇಲ್ಲ. 2006ರಲ್ಲಿ 92 ದೀರ್ಘ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದು, ಇಪ್ಪತ್ತರಿಂದ ನಲವತ್ತರ ನಡುವೆ ಜನ ಸಾಮಾನ್ಯವಾಗಿ ಅಚ್ಚುಕಟ್ಟಾಗುತ್ತಾರೆ, ಕಳವಳ ಕಡಿಮೆಯಾಗುತ್ತದೆ. ಮಜಾ ಏನಂದ್ರೆ ನಮಗೆ ಇದು ಹಿಂತಿರುಗಿ ನೋಡಿದಾಗ ಮಾತ್ರ ಕಾಣುತ್ತದೆ. 2013ರಲ್ಲಿ 19,000ಕ್ಕೂ ಹೆಚ್ಚು ಜನರನ್ನು ಕೇಳಿದ ಒಂದು ಅಧ್ಯಯನದಲ್ಲಿ, ಕಳೆದ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ ಎಂದರೆ ತುಂಬಾ ಅಂದರು, ಮುಂದಿನ ಹತ್ತರಲ್ಲಿ ಎಂದರೆ ಹೆಚ್ಚೇನಿಲ್ಲ ಅಂದರು. ಎಲ್ಲ ವಯಸ್ಸಿನವರೂ ಹೀಗೇ.

ಬೇಕೆಂದೇ ಬದಲಾಗಬಹುದಾ ಅನ್ನೋದಕ್ಕೂ ಉತ್ತರ ಸ್ವಲ್ಪ ಸಿಕ್ಕಿದೆ. ನೇಥನ್ ಹಡ್ಸನ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ವಿದ್ಯಾರ್ಥಿಗಳು 15 ವಾರ ಸಣ್ಣಸಣ್ಣ ಕೆಲಸ ಆರಿಸಿಕೊಂಡರು, ಹೊಸಬರೊಬ್ಬರಿಗೆ ನಮಸ್ಕಾರ ಹೇಳುವುದು, ಆ ಥರದ್ದು. ಮಾಡಿದವರು ಸ್ವಲ್ಪ ಬದಲಾದರು. ಆರಿಸಿಕೊಂಡು ಮಾಡದೆ ಬಿಟ್ಟವರಿಗೆ ಏನೂ ದಕ್ಕಲಿಲ್ಲ, ಕೆಲವು ಗುಣಗಳಲ್ಲಂತೂ ಹಿಂದೆಯೇ ಸರಿದರು.

ಅದಕ್ಕೆ ನಾನೂ ಒಂದು ಸಣ್ಣ ಕೆಲಸ ಹಿಡಿದೆ. ಹೊಸ ಕೆಲಸ ಶುರುವಾದ ಮೇಲೆ ಮೂರು ವಾರ, ಮನೆಯಲ್ಲಿ ಸಿಡುಕಿದಾಗಲೆಲ್ಲ ಫೋನಿನಲ್ಲಿ ಒಂದು ಸಾಲು ಬರೆದಿಟ್ಟೆ: ಎಷ್ಟು ಗಂಟೆ, ಯಾರು, ಏನು ಕೇಳಿದರು. ಹನ್ನೊಂದು ಸಾಲು ಆಯಿತು. (ಅಮ್ಮನ ಲೆಕ್ಕದಲ್ಲಿ ಇಪ್ಪತ್ತು.) ಹನ್ನೊಂದರಲ್ಲಿ ಎಂಟು, ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೊದಲ ಅರ್ಧ ಗಂಟೆಯೊಳಗೆ. ಎಂಟರಲ್ಲಿ ಏಳು, ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದಕ್ಕೆ. ಭಾನುವಾರ ಒಂದೂ ಇಲ್ಲ. ಇಷ್ಟು ವರ್ಷ "ನನ್ನ ಸ್ವಭಾವ" ಅಂದುಕೊಂಡಿದ್ದು ದಿನಕ್ಕೆ ಮೂವತ್ತು ನಿಮಿಷದ ಒಂದು ಕಿಟಕಿ. ಆಫೀಸಿನವರಿಗೆ ಖರ್ಚು ಮಾಡಿದ ತಾಳ್ಮೆಯ ಖಾಲಿ ಡಬ್ಬ ಮನೆಗೆ ತರುತ್ತಿದ್ದೆನೋ ಏನೋ.

ಈಗ ಮನೆಗೆ ಬಂದ ಕೂಡಲೇ ಇಪ್ಪತ್ತು ನಿಮಿಷ ಟೆರೇಸಿಗೆ ಹೋಗಿ ನಿಲ್ಲುತ್ತೇನೆ. ಎಲ್ಲ ದಿನ ಅಲ್ಲ. ಹೋಗದ ದಿನ ಅಮ್ಮನೇ "ಮೇಲೆ ಹೋಗಿ ಬಾ, ಆಮೇಲೆ ಕೇಳ್ತೀನಿ" ಅನ್ನುತ್ತಾರೆ. ಅದಕ್ಕೂ ಒಂದೆರಡು ಸಲ ಸಿಡುಕಿದ್ದೇನೆ.

ಆ ಕಾರ್ಡನ್ನು ಅಕ್ಕ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ಹದಿನಾಲ್ಕು ಜನರ ಬರಹದ ಕೆಳಗೆ ಒಂದು ಚೂರು ಜಾಗ ಉಳಿದಿತ್ತು. ಕಳೆದ ತಿಂಗಳು ಬಂದಾಗ ಅಲ್ಲಿ ಅವಳ ದುಂಡು ಅಕ್ಷರದಲ್ಲಿ ಹದಿನೈದನೆಯದನ್ನು ಸೇರಿಸಿ ಹೋಗಿದ್ದಾಳೆ: "ಮನೆಯವರ ಅಭಿಪ್ರಾಯ ಪರಿಶೀಲನೆಯಲ್ಲಿದೆ."